ಖಾರದ ಗಿರಣಿಯ ಸನ್‌ಬೀಮ್

ಟ್ಯಾಂಕಷ್ಟ ತಂದಿಟ್ಟಳು, ಗೋಣಿಚೀಲದಾಗ ಸುತ್ತಿ.
ಬ್ಯಾಡಗಿಯೊಳಗ, ಮೋಟೆಬೆನ್ನೂರ ರಸ್ತಾಕ್ಕ ನನ್ನ ಅಂಗಡಿ:
ನಂಬರ್ ಪ್ಲೇಟು, ದಲಾಲರ ಬೋರ್ಡು,
ಟ್ರ್ಯಾಕ್ಟರಿನ ಹಿಂದ ತಾಯಿಯ ಆಶೀರ್ವಾದ.
ಚೀಲ ಬಿಚ್ಚಿದ್ದೇ ತಡ, ಸೀನು.
ಒಂದಲ್ಲ, ಏಳು.
ಯಾವಾಗೋ ನಿಂತ ಗಿರಣಿಯ ಖಾರ
ಇನ್ನೂ ಅದರ ಹೊಟ್ಟಿ ಕೆಳಗಿನ ಸಂದ್ಯಾಗ ಕುಂತಿತ್ತು.

"ಸನ್‌ಬೀಮ್ ಅಂತ, ರಾಜೇಸಾಬಣ್ಣ," ಅಂದಳು ನಿಂಬೆವ್ವ ಮೆಣಸಿನಕಾಯಿ.
"ಪುಣೆಯಾಂವ ತೊಗೊಂತಾನ. ಮೊದಲಿನಂಗ ಮಾಡಬೇಕಂತ."

ಆಕಿ ಅಜ್ಜ ಹತ್ತಿ ಜಿನ್ನಿನಾಗ ಫಿಟ್ಟರು.
ಗೋರಾ ಏಜೆಂಟ ಗಂಟುಮೂಟಿ ಕಟ್ಟೂಮುಂದ
ಹದಿನಾಲ್ಕು ತಿಂಗಳ ಪಗಾರದ ಬದಲಿ
ಗಾಡಿ ಬಿಟ್ಟುಹೋದನಂತ.
ಅಜ್ಜಗ ಹತ್ತಾಕ ಬರತಿರಲಿಲ್ಲ. ಕಲೀಲೂ ಇಲ್ಲ.
ಇಂಜಿನ್ನು ಇಳಿಸಿ, ಜಾಲಿ ತೊಲಿಗೆ ಬಿಗಿದು, ಬೆಲ್ಟು ಏರಿಸಿ,
ಕರೆಂಟು ಬರೂತನಕ ಇಪ್ಪತ್ತೊಂದು ವರ್ಷ
ಇಡೀ ಓಣಿಯ ಮೆಣಸಿನಕಾಯಿ ಕುಟ್ಟಿಸಿದ.

ಕಂಪನಿ ಕತಿ ಪುಣೆಯಾಂವ ಫೋನಿನಾಗ ಹೇಳಿದ.
ವುಲ್ವರ್‌ಹ್ಯಾಂಪ್ಟನ್ ಅಂತ ಊರು. ಅಲ್ಲಿ ಮೊದಲು
ತಗಡಿನ ತಟ್ಟಿ, ಡಬ್ಬಿ; ಅವಕ್ಕ ಕರಿ ಲೇಪ,
ಭಟ್ಟಿಯೊಳಗ ಬೇಯಿಸಿ, ತಿಕ್ಕಿ, ಮತ್ತ ಬೇಯಿಸಿ.
ಆಮ್ಯಾಲ ಸೈಕಲ್ಲು. ಹನ್ನೆರಡನೇ ಇಸವ್ಯಾಗ ಮೋಟಾರು.
ಮಾಲು ಬದಲಾತು, ಆ ಕರಿ ಬಣ್ಣ ಬದಲಾಗಲಿಲ್ಲ,
ಅದರ ಅಂಚಿಗೆ ಬಂಗಾರದ ಗೆರಿ.
ಚೈನಿಗೆ ಎಣ್ಣಿ ತೊಟ್ಟಿ, ಮುಚ್ಚಿದ್ದು,
ದೊಡ್ಡ ಮನಷ್ಯಾರ ಪಾಟಲೋನಿಗೆ ಕಲಿ ಹತ್ತಬಾರದು.
ಮೊದಲನೇ ಯುದ್ಧ ಮುಗಿಯೂ ವರ್ಷ
ಯಜಮಾನನ ಮಗ ತೀರಿಕೊಂಡ. ಅಂವನ ಬೆನ್ನಿಗೇ ಯಜಮಾನ.
ಹೆಸರು ಮಾರಾಟಾತು: ಸಿಡಿಮದ್ದಿನವರಿಗೆ,
ಅವರಿಂದ ರಸಾಯನದವರಿಗೆ, ಅವರಿಂದ ಮತ್ತೊಂದು ಗಾಡಿಯವರಿಗೆ,
ಕಡೀಕ ಬಂದೂಕಿನವರಿಗೆ.

ಬೋರ್ಡು ಬರಿಯಾಂವಗ ಇದೇನು ಹೊಸಾದಲ್ಲ.
ಅಂಗಡಿ ಮುಳಗೂದು ಊರಿಗಿಂತ ಮೊದಲು ನನಗ ಗೊತ್ತಾಗತೈತಿ.
ಬಂದು ನಿಂತು, ಕಿವಿ ಕೆರಕೊಂಡು, ಮೆಲ್ಲಕ ಅಂತಾರ:
"'ಆ್ಯಂಡ್ ಸನ್ಸ್' ಅಷ್ಟು ಅಳಿಸಿಬಿಡು."

ಚಿಮಣಿ ಎಣ್ಣಿ, ಹಳೇ ಬನೀನಿನ ಅರಿವಿ, ಬ್ಲೇಡು.
ಮ್ಯಾಲ ಗಿರಣಿಯ ಬಿಳಿ ಡಿಸ್ಟೆಂಪರು,
ಅದರ ಕೆಳಗ ಯಾರೋ ಹಚ್ಚಿದ ರೈಲ್ವೆ ಕೆಂಪು,
ಅದರ ಕೆಳಗ
ನನ್ನ ಮುಖ.
ಅಷ್ಟು ಖಾರ ಉಂಡರೂ ಆ ಕರಿ ಮಂಕಾಗಿರಲಿಲ್ಲ.
ಗೆರಿಯೂ ಇತ್ತು, ಅಲ್ಲಲ್ಲಿ ಸವದಿತ್ತು.
ಭೂತಗನ್ನಡಿ ಹಿಡಿದು ಅದರ ಕೂಡ ಹೊಂಟೆ;
ಮುಚ್ಚಳದ ಹತ್ತಿರ, ಎಡಕ್ಕ, ಒಂದು ನಡುಕ.
ಕೂದಲೆಳಿಯಷ್ಟು. ಮುಂದ ಮತ್ತ ಸುಸೂತ್ರ.

ಯಾರ ಕೈ ಅದು?
ಕುಂಚದಾಗ ಬಣ್ಣ ತೀರಿತ್ತೇನು? ಹಿಂದಿಂದ ಯಾರರ ಕರದರೇನು?
ಚಹಾ ಬಂದಿರಬೇಕು.
ಹೆಸರು ಮಾರಾಟಾದ ಸುದ್ದಿ ಬಂದಿರಬೇಕು.
ಆ ಕೈಗೆ ಎಷ್ಟು ಪಗಾರ, ಪುಣೆಯಾಂವಗ ಗೊತ್ತಿರಲಿಲ್ಲ.

ನನಗೂ ಎರಡು ವರ್ಷದಿಂದ ಕೈ ನಡಗತೈತಿ.
ಹೆಂಡತಿಗೂ ಹೇಳಿಲ್ಲ. ಕಿರಿಬೆರಳು ತಗಡಿಗೆ ಊರಿ
ಗೆರಿ ಎಳದರ ತಿಳಿಯೂದಿಲ್ಲ.
ಅಳಲಬಾಲದ ಕುಂಚ, ಉಸರು ಬಿಗಿಹಿಡಿದು,
ಸುತ್ತಲೂ ಹಂಗ ಎಳದೆ.
ಮುಚ್ಚಳದ ಎಡಕ್ಕ ಬಂದಾಗ
ಕಿರಿಬೆರಳು ಎತ್ತಿದೆ.

ಪುಣೆಯಾಂವ ಬಂದ. ಫೋನಿನ ಲೈಟು ಹಾಕಿ
ಗೆರಿ ಗುಂಟ ಹೋಗಿ ಅಲ್ಲೇ ನಿಂತ.
"ಇಲ್ಲಿ ತಪ್ಪೈತಿ." ಇನ್ನೂರು ಕಡಿಮಿ ಕೊಟ್ಟ.
ಹಳೇದರ ಫೋಟೋ ಫೋನಿನಾಗ ಇತ್ತು. ತೋರಿಸಲಿಲ್ಲ.
ನಿಂಬೆವ್ವ ಎರಡೂ ಕೈಲೆ ಟ್ಯಾಂಕು ಎತ್ತಿ,
ಕೂಸಿನ ನೆತ್ತಿ ಮೂಸಿದಂಗ ಮೂಸಿ,
"ಬರೇ ಪೇಂಟಿನ ವಾಸನಿ," ಅಂದಳು.

ಕೆಳಗಿನ ಸಂದಿ ಮಾತ್ರ ನಾ ತಿಕ್ಕಿರಲಿಲ್ಲ.
ವ್ಯಾನಿನ ಬಾಗಲಾ ಹಾಕಿದರು. ಗಾಜು ಏರಿಸಿದರು, ಎ.ಸಿ. ಹಚ್ಚಿದರು.
ಅಗಸಿ ದಾಟೂದರೊಳಗ ಗಾಡಿ ತಟಕ್ಕನ ನಿಂತಿತು,
ಒಳಗಿಂದ ಸೀನು.

ನಿಂಬೆವ್ವ ಸೆರಗಿನಾಗ ಮುಖ ಮುಚ್ಚಿಕೊಂಡು
ಎಣಿಸಾಕ ಹತ್ತಿದಳು.